ಉಳಿದ ಹನ್ನೊಂದು ನಿಮಿಷ

ಶಲವಡಿ
೧೪ ಅಕ್ಟೋಬರ್ ೨೦೨೪

ಸುಮಂಗಲಾ ಅವರಿಗೆ ಮಲ್ಲಕ್ಕ ಮಾಡುವ ನಮಸ್ಕಾರಗಳು.

ನಿನ್ನೆ ಮುಂಜಾನೆ ಆರೂವರೆಗೆ ಎಂದಿನಂತೆ ಟೀವಿ ಹಚ್ಚಿದೆ. ಬೆಣ್ಣಿಹಳ್ಳ ವಾಹಿನಿ ಬರುವ ಜಾಗದಲ್ಲಿ ಬಂಗಾರ ಬಣ್ಣದ ಚಕ್ರವೊಂದು ತಿರುಗುತ್ತಿತ್ತು. ‘ಬಿ ಗೋಲ್ಡ್ ಪ್ಲಸ್! ಹೊಸ ಹೆಸರು, ಹೊಸ ಹುರುಪು!’ ಎಂದು ಯಾರೋ ಗಂಡಸು ಕೂಗಿದ. ಅದು ಮುಗಿದ ಮೇಲೆ ನೀವು ಬರುತ್ತೀರೆಂದು ಕಾದೆ. ನಿಮ್ಮ ಬದಲು ಮೊಣಕಾಲು ನೋವಿನ ಎಣ್ಣೆ ಬಂತು. ಅರ್ಧ ತಾಸು ಪೂರ್ತಿ ಎಣ್ಣೆಯೇ. ನಮ್ಮ ಯಜಮಾನರು ಸಂಗನಬಸವ ಅವರು ಚಹಾ ಬಟ್ಟಲು ಹಿಡಿದು ಕೂತಿದ್ದರು. “ನಿನ್ನ ಸುಮಂಗಲಾ ಬಾಯಿ ಎಲ್ಲಿ ಹೋದ್ಳು? ಎಣ್ಣಿ ಹಚ್ಚಿಕೊಳ್ಳಾಕ ಹೋಗ್ಯಾಳೇನು?” ಎಂದು ನಕ್ಕರು. ನನಗೆ ನಗೆ ಬರಲಿಲ್ಲ.

ಆರು ವರ್ಷದಿಂದ ನಾನು ನಿಮ್ಮ ‘ಬದುವಿನ ಮೇಲೆ’ ಕಾರ್ಯಕ್ರಮ ತಪ್ಪಿಸಿದವಳಲ್ಲ. ರೈತರ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡುವ ಕಾರ್ಯಕ್ರಮಗಳು ಬೇಕಾದಷ್ಟಿವೆ. ನೀವು ಮಾತ್ರ ‘ಪತ್ರ ಬರೆಯಿರಿ, ಬರೆಯುವಾಗ ಹೊಲ ಇನ್ನೊಮ್ಮೆ ಕಣ್ಣ ಮುಂದೆ ಬರುತ್ತದೆ’ ಎನ್ನುತ್ತಿದ್ದಿರಿ. ನನ್ನ ಪತ್ರಗಳನ್ನು ಓದಿ ಉತ್ತರ ಹೇಳಿದಿರಿ. ಎರಡು ವರ್ಷದ ಹಿಂದೆ ಕ್ಯಾಮೆರಾ ತಂದು ನಮ್ಮ ಹೊಲದಲ್ಲೇ ಕಡಲೆ ಕುಡಿ ಚಿವುಟುವುದನ್ನು ಚಿತ್ರ ತೆಗೆದುಕೊಂಡು ಹೋದಿರಿ. ಆ ವಾರ ಊರಲ್ಲಿ ನನ್ನನ್ನು ಟೀವಿ ಮಲ್ಲಕ್ಕ ಎಂದರು.

ಈಗ ಕಡಲೆ ಬಿತ್ತುವ ಹೊತ್ತು. ಹೋದ ವರ್ಷ ಮೂಡಣ ಮೂಲೆಯಲ್ಲಿ ಗಿಡ ಒಣಗಿಸುವ ಸಿಡಿ ರೋಗ ಬಿದ್ದಿತ್ತು. ಅಲ್ಲಿ ಮತ್ತೆ ಕಡಲೆ ಬಿತ್ತಲೋ ಬೇಡವೋ? ಕಾರ್ಯಕ್ರಮ ಇಲ್ಲದಿದ್ದರೂ ಉತ್ತರ ಬೇಕು.

ಇಂತಿ,
ಮಲ್ಲಕ್ಕ


ಹುಬ್ಬಳ್ಳಿ
೨೯ ಅಕ್ಟೋಬರ್ ೨೦೨೪

ಮಲ್ಲಕ್ಕನವರಿಗೆ ಸುಮಂಗಲಾಳ ನಮಸ್ಕಾರ.

ಮೊದಲು ಹೊಲದ ಮಾತು. ಆ ಮೂಲೆಗೆ ಈ ವರ್ಷ ಕಡಲೆ ಬೇಡ, ಜೋಳ ಬಿತ್ತಿರಿ. ಉಳಿದ ಕಡೆ ಬಿತ್ತುವ ಬೀಜಕ್ಕೆ ರೋಗ ತಡೆಯುವ ಟ್ರೈಕೊಡರ್ಮಾ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ. ಉತ್ತರ ತಡವಾಯಿತು, ಅಷ್ಟರಲ್ಲಿ ನೀವು ಬಿತ್ತಿಬಿಟ್ಟಿದ್ದರೆ ನನ್ನನ್ನು ಬೈಯಿರಿ.

ಈಗ ನಮ್ಮ ಮಾತು. ಮೂರು ವರ್ಷದಿಂದ ವಾಹಿನಿ ಕುಂಟುತ್ತಿತ್ತು. ಜಾಹೀರಾತು ಬರಲಿಲ್ಲ. ಮಂದಿ ಎಲ್ಲವನ್ನೂ ಫೋನಿನಲ್ಲೇ ನೋಡುತ್ತಾರೆ. ಮೂವತ್ತೆಂಟು ಜನ ಇದ್ದ ಆಫೀಸಿನಲ್ಲಿ ಈಗ ಹದಿನಾಲ್ಕು ಜನ. ಹೊಸದಾಗಿ ಗೌರೀಶ ಎಂಬ ಮುಖ್ಯಸ್ಥರು ಬಂದಿದ್ದಾರೆ. ಬಂದ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು: “ಇನ್ನ ಮ್ಯಾಲೆ ನಾವು ಕಾರ್ಯಕ್ರಮ ಮಾಡೂದಿಲ್ಲ, ಸಮಯ ಮಾರತೀವಿ. ಯಾರು ರೊಕ್ಕ ಕೊಡತಾರ, ಅರ್ಧ ತಾಸು ಅವರದು.” ಸಂಜೆಯ ಹೊತ್ತಿಗೆ ದರಪಟ್ಟಿ ಗೋಡೆಗೆ ಅಂಟಿತ್ತು. ಹೆಸರು ಬದಲಿಸಿದ್ದೂ ಅದಕ್ಕೇ. ಹಳ್ಳದ ಹೆಸರಿಟ್ಟುಕೊಂಡರೆ ದೊಡ್ಡ ಕಂಪನಿಯವರು ಬರುವುದಿಲ್ಲವಂತೆ.

ಎಣ್ಣೆಯ ಕಾರ್ಯಕ್ರಮದಲ್ಲಿ ಡಾಕ್ಟರ ಎದುರು, ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಕೂತಿದ್ದವಳು ನಾನೇ. ನೀವು ಗುರುತು ಹಿಡಿಯಲಿಲ್ಲ, ಒಳ್ಳೆಯದಾಯಿತು. “ಹೌದ್ರಿ? ಎಷ್ಟ ದಿವಸದಾಗ ಗುಣ ಕಾಣತೈತ್ರಿ?” ಎಂದು ಬೆರಗಾದವಳಂತೆ ಕೇಳುವುದು ನನ್ನ ಕೆಲಸ. ಪರದೆಯ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಇಲ್ಲಿ ಹೇಳಿದ್ದಕ್ಕೆ ವಾಹಿನಿ ಹೊಣೆಯಲ್ಲ’ ಎಂದು ಓಡುತ್ತಿರುತ್ತದೆ.

ಬಿಟ್ಟು ಬಂದುಬಿಡಬಹುದು. ಆದರೆ ಅಣ್ಣಿಗೇರಿಯಲ್ಲಿ ನಮ್ಮವ್ವ ಮರೆವ್ವ, ಮಂದಿಯ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು, ಇಂದಿಗೂ ಓಣಿಯವರಿಗೆಲ್ಲ ‘ನನ್ನ ಮಗಳು ಟೀವ್ಯಾಗ ಅದಾಳ’ ಎನ್ನುತ್ತಾಳೆ. ಸದ್ಯಕ್ಕೆ ಇದ್ದೇನೆ.

ನಿಮ್ಮ,
ಸುಮಂಗಲಾ


ಶಲವಡಿ
೧೦ ಡಿಸೆಂಬರ್ ೨೦೨೪

ಸುಮಂಗಲಾ ಅವರಿಗೆ,

ಈ ಪತ್ರದಲ್ಲಿ ಕುಶಲ ಕೇಳುವಷ್ಟು ತಾಳ್ಮೆ ನನಗಿಲ್ಲ.

ಭಾನುವಾರ ಬಾಜೂ ಹೊಲದ ಗೂಳಪ್ಪ ಬೈಕಿಗೆ ಎರಡು ಡಬ್ಬಿ ಕಟ್ಟಿಕೊಂಡು ಬಂದ. ಅವುಗಳ ಮೇಲೆ ‘ಕಾಯಿಸಿರಿ’ ಎಂದು ಹೆಸರು ಬರೆದಿತ್ತು, ಕಾಯಿಯ ಸಿರಿ ಎಂದಿರಬೇಕು.

“ಏನೋ ಇದು?” ಎಂದೆ.

“ಔಷಧ ಬೇ ಅಕ್ಕ. ಕಡ್ಲಿಗೆ ಹೊಡಿಯಾಕ. ನೀನ ಹೇಳಿದ್ಯಲ್ಲ?”

“ನಾ ಯಾವಾಗ ಹೇಳಿದ್ನೋ?”

“ಟೀವ್ಯಾಗ! ನಿನ್ನಿ ಒಮ್ಮೆ, ಇವತ್ತ ಒಮ್ಮೆ, ಎರಡ ಸಲ ನೋಡೇನಿ. ನಿನ್ನ ಮಾರಿ ನೋಡೇ ತಂದೇನಿ.”

ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಮರುದಿನ ಆರೂವರೆಗೆ ಟೀವಿ ಹಚ್ಚಿದೆ. ಹಸಿರು ಇಳಕಲ್ ಸೀರೆ ಉಟ್ಟು, ನನ್ನದೇ ಹೊಲದಲ್ಲಿ, ನಾನೇ ನಿಂತಿದ್ದೆ.

ಎರಡು ವರ್ಷದ ಹಿಂದೆ ನೀವು ಕೇಳಿದ್ದು: “ಏನ ಮಾಡೀರಿ ಅಕ್ಕಾರ, ಗಿಡ ಇಷ್ಟ ಹರಡ್ಯಾವ?” ನಾನು ಹೇಳಿದ್ದು: “ಕುಡಿ ಚಿವುಟೇವ್ರಿ. ಬಿತ್ತಿದ ಮೂವತ್ತೈದ ದಿವಸಕ್ಕ ಬೆರಳಿಂದ ಕುಡಿ ಚಿವುಟಿದ್ರ ಬಾಜೂ ಕವಲ ಒಡಿತಾವ. ಪಲ್ಲೆಕ್ಕ ಪಲ್ಲೆನೂ ಆತು. ಇದಕ್ಕೇನ ರೊಕ್ಕ ಹತ್ತೂದಿಲ್ಲ. ನೀವೂ ಮಾಡಿ ನೋಡ್ರಿ, ಕಾಯಿ ದುಪ್ಪಟ್ಟ ಬರತಾವ.”

ಈಗ ತೋರಿಸುವುದು: ನಿಮ್ಮ ಪ್ರಶ್ನೆ. ಆಮೇಲೆ ಡಬ್ಬಿಯ ಚಿತ್ರ. ಆಮೇಲೆ ನಾನು ನಗುತ್ತ, “ನೀವೂ ಮಾಡಿ ನೋಡ್ರಿ, ಕಾಯಿ ದುಪ್ಪಟ್ಟ ಬರತಾವ.” ಬೆರಳೂ ಹೋಯಿತು, ಕುಡಿಯೂ ಹೋಯಿತು, ರೊಕ್ಕ ಹತ್ತುವುದಿಲ್ಲ ಎಂಬ ಮಾತೂ ಹೋಯಿತು.

ಗೂಳಪ್ಪನಿಗೆ ಹೊಡೆಯಬೇಡ ಎಂದೆ. ಅವನು ಆಗಲೇ ಅರ್ಧ ಹೊಲಕ್ಕೆ ಹೊಡೆದು ಮುಗಿಸಿದ್ದ.

ಪ್ರಶ್ನೆ ಕೇಳಿದ ದನಿ ನಿಮ್ಮದು. ಅದಕ್ಕೇ ನಿಮ್ಮನ್ನೇ ಕೇಳುತ್ತೇನೆ. ನಿಮಗೆ ಗೊತ್ತಿತ್ತೇ?

ಮಲ್ಲಕ್ಕ


ಶಲವಡಿ
೨ ಜನವರಿ ೨೦೨೫

ಸುಮಂಗಲಾ ಅವರಿಗೆ,

ಮೂರು ವಾರವಾಯಿತು. ಪೋಸ್ಟಿನವರು ದಿನಾ ನಮ್ಮ ಮನೆ ದಾಟಿ ಹೋಗುತ್ತಾರೆ.

ಗೂಳಪ್ಪನ ಹೊಲದಲ್ಲಿ ಔಷಧ ಬಿದ್ದ ಕಡೆ ಎಲೆಯ ತುದಿ ಸುಟ್ಟು, ಹೂವು ಉದುರಿವೆ. ಬದುವಿನ ಮೇಲೆ ನಿಂತು ನೋಡಿದರೆ ಹೊಲ ಎರಡು ಬಣ್ಣವಾಗಿ ಕಾಣುತ್ತದೆ. ಊರಲ್ಲಿ ಏಳು ಮನೆಯವರು ಡಬ್ಬಿ ತಂದಿದ್ದರು. ಗೂಳಪ್ಪನ ಹೆಂಡತಿ ಮಾದೇವಿ ನಮ್ಮ ಬಾಗಿಲ ಮುಂದೆ ಬಂದು, ಓಣಿಗೆಲ್ಲ ಕೇಳುವಂತೆ ಅಂದಳು: “ಇಕಿ ಎಷ್ಟ ತಗೊಂಡಾಳೋ ಆ ಕಂಪನಿ ಕಡಿಂದ!” ನಾನು ಹಿಟ್ಟಿನ ಗಿರಣಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತದೆ.

ಯಜಮಾನರು, “ಸುಮ್ಮನಿರು. ನಾಕ ದಿನಾ ಆದ್ರ ಮಂದಿ ಮರೀತಾರ” ಎಂದರು.

“ಮಂದಿ ಮರೀತಾರ. ಟೀವಿ ಮರೀತೈತೇನು? ದಿನಾ ಮುಂಜಾನೆ ನನ್ನ ಬಾಯಿಲೆ ಸುಳ್ಳ ಹೇಳಸ್ತೈತಿ,” ಎಂದೆ.

ಊರಲ್ಲಿ ಡಂಗುರ ಹೊಡೆಸಿದೆ. ಭಾನುವಾರ ಮುಂಜಾನೆ ಮಲ್ಲಕ್ಕನ ಹೊಲಕ್ಕೆ ಬರಬೇಕು, ಬೈಯುವವರು ಮೊದಲು ಬರಬೇಕು ಎಂದು. ಅರವತ್ತು ಮಂದಿ ಬಂದರು. ಕುಡಿ ಚಿವುಟಿದ ಸಾಲು, ಬಿಟ್ಟ ಸಾಲು, ಎರಡನ್ನೂ ತೋರಿಸಿದೆ. ಎರಡೂ ಕೈ ಮೇಲೆತ್ತಿ ಹೇಳಿದೆ: “ನನ್ನ ಔಷಧ ಈ ಹತ್ತ ಬೆರಳು. ಇವನ್ನ ಯಾವ ಡಬ್ಬಿಯೊಳಗೂ ತುಂಬಿಲ್ಲ.” ಮಾದೇವಿ ಒಂದು ಗಿಡ ಕಿತ್ತು, ಬಹಳ ಹೊತ್ತು ಕಾಯಿ ಎಣಿಸುತ್ತ ನಿಂತಳು. ಹೋಗುವಾಗ ಆ ಗಿಡವನ್ನು ಜೊತೆಗೇ ಒಯ್ದಳು. ಬೈಯಲಿಲ್ಲ.

ಅರವತ್ತು ಮಂದಿಗೆ ತೋರಿಸಿದೆ. ನಿಮ್ಮ ಬಂಗಾರದ ಚಕ್ರ ನಾಲ್ಕು ಜಿಲ್ಲೆಗೆ ತೋರಿಸುತ್ತಿದೆ. ಸಂಕ್ರಾಂತಿ ಮುಗಿಸಿ ಹುಬ್ಬಳ್ಳಿಗೆ ಬರುತ್ತೇನೆ.

ಮಲ್ಲಕ್ಕ


ಹುಬ್ಬಳ್ಳಿ
೧೧ ಜನವರಿ ೨೦೨೫

ಮಲ್ಲಕ್ಕನವರೇ,

ಗೊತ್ತಿತ್ತು.

ನಾಲ್ಕು ಸಲ ಬೇರೆ ಬೇರೆ ರೀತಿ ಬರೆದು ಹರಿದೆ. ಎಲ್ಲದರಲ್ಲೂ ಈ ಒಂದು ಮಾತನ್ನು ತಪ್ಪಿಸಲು ನೋಡುತ್ತಿದ್ದೆ. ಕಂಪನಿಯವರು ‘ರೈತ ಮಹಿಳೆಯ ಮುಖ ಬೇಕು’ ಎಂದರು. ಗೌರೀಶ ನನ್ನನ್ನು ಕೇಳಿದರು. ಹಳೆಯ ಚಿತ್ರಗಳೆಲ್ಲ ಎಲ್ಲಿವೆ ಎಂದು ತಿಳಿದವಳು ನಾನೊಬ್ಬಳೇ. ನಿಮ್ಮ ಚಿತ್ರ ಹುಡುಕಿಕೊಟ್ಟವಳು ನಾನು. ಕತ್ತರಿಸುವಾಗ ಕೋಣೆಯಲ್ಲಿ ಕೂತಿದ್ದೆ. “ಇದನ್ನ ಕೊಡದಿದ್ರ ಹದಿನಾಲ್ಕು ಮಂದಿ ಪಗಾರ ನಿಂತೀತು, ನೋಡವ್ವ” ಎಂದರು ಗೌರೀಶ. ಆ ಮಾತು ನಿಜವೋ ಸುಳ್ಳೋ ನಾನು ಕೇಳಲಿಲ್ಲ. ಕೇಳದೆ ಇರುವುದು ಸುಲಭವಿತ್ತು.

ಇನ್ನೊಂದು ಮಾತನ್ನೂ ಬರೆಯುತ್ತೇನೆ. ಅಂದು ಚಿತ್ರ ತೆಗೆದ ಮೇಲೆ ಊಟದ ಹೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ನೀವು, ಅಣ್ಣಿಗೇರಿಯಲ್ಲಿ ನಮ್ಮದು ಯಾವ ಓಣಿ ಎಂದು ಕೇಳಿದ್ದಿರಿ. ನಾನು ಹೇಳಿದೆ. ಆಮೇಲೆ ಕ್ಯಾಮೆರಾದವರನ್ನೂ ಡ್ರೈವರನ್ನೂ ಒಳಗೆ ಕರೆದು ಕೂರಿಸಿದಿರಿ. ನನಗೆ “ನೀವು ಇಲ್ಲೇ ಗಾಳಿಗೆ ಕೂಡ್ರಿ” ಎಂದು ಕಟ್ಟೆಯ ಮೇಲೆ ತಾಟು ತಂದುಕೊಟ್ಟಿರಿ. ಎಣ್ಣೆಗಾಯಿ ರುಚಿಯಾಗಿತ್ತು. ನಾನು ಉಂಡೆ.

ಆ ಕೋಣೆಯಲ್ಲಿ ನಿಮ್ಮ ಮುಖ ಪರದೆಯ ಮೇಲೆ ಬಂದಾಗ ನನಗೆ ಆ ಕಟ್ಟೆ ನೆನಪಾಯಿತು. ಸೇಡಿಗೆ ಮಾಡಿದೆನೆಂದು ತಿಳಿಯಬೇಡಿ. ಮಾಡಿದ್ದು ನೌಕರಿಯ ಭಯಕ್ಕೆ. ಆದರೆ ಬೇಡ ಎನ್ನಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡದ್ದರಲ್ಲಿ ಆ ಕಟ್ಟೆಯದೂ ಪಾಲಿದೆ. ನನ್ನ ತಪ್ಪನ್ನು ಇದು ಚಿಕ್ಕದು ಮಾಡುವುದಿಲ್ಲ. ನೀವು ನೇರ ಕೇಳಿದಿರಿ, ನೇರ ಹೇಳಿದ್ದೇನೆ.

ಇಲ್ಲಿಗೆ ಬರಬೇಡಿ. ಗೇಟಿನಲ್ಲೇ ನಿಲ್ಲಿಸುತ್ತಾರೆ.

ಸುಮಂಗಲಾ


ಶಲವಡಿ
೨೪ ಜನವರಿ ೨೦೨೫

ಸುಮಂಗಲಾ ಅವರಿಗೆ,

ನಿಮ್ಮ ಪತ್ರವನ್ನು ಯಜಮಾನರಿಗೆ ಓದಿ ಹೇಳಿದೆ. “ಊಟದ ಮಾತ ಈಗ್ಯಾಕ ತಗೀತಾಳ?” ಎಂದರು. “ಆಗ ತಗ್ಯಾಕ ನಾವ ಬಿಟ್ಟಿದ್ವೇನು?” ಎಂದೆ. ಅವರು ಎದ್ದು ಹೊಲಕ್ಕೆ ಹೋದರು.

ನೀವು ಬರೆದದ್ದು ನಿಜ. ಓಣಿ ಯಾವುದೆಂದು ಏಕೆ ಕೇಳಿದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಗಾಳಿ ಎಂದು ನೆಪ ಹೇಳಿದೆ. ಕ್ಷಮಿಸಿ ಎಂದು ಬರೆದರೆ ನನ್ನ ಎದೆ ಹಗುರಾದೀತು, ನಿಮಗೆ ಸಿಗುವುದು ಏನೂ ಇಲ್ಲ. ಆದ್ದರಿಂದ ಆ ಮಾತನ್ನು ಬರೆಯದೆ ಇಟ್ಟುಕೊಂಡಿದ್ದೇನೆ.

ಮಂಗಳವಾರ ನಿಮ್ಮ ಆಫೀಸಿಗೆ ಬಂದಿದ್ದೆ. ನೀವು ಗಾಜಿನ ಆಚೆ ಕಂಡಿರಿ, ಮುಖ ತಿರುಗಿಸಿದಿರಿ. ಗೇಟಿನವನು ನಿಲ್ಲಿಸಲಿಲ್ಲ. “ಅರ್ರೇ, ಕಾಯಿಸಿರಿ ಅವ್ವಾರು!” ಎಂದು ತಾನೇ ಬಾಗಿಲು ತೆಗೆದ. ನನ್ನ ಜೊತೆ ಗೂಳಪ್ಪ ಇದ್ದ, ಸುಟ್ಟ ಗಿಡದ ಕಟ್ಟು ಹಿಡಿದುಕೊಂಡು.

ನಿಮ್ಮ ಗೌರೀಶ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಾನು ಕುಡಿಯಲಿಲ್ಲ.

“ನನ್ನ ಚಿತ್ರ ತೋರಸೂದ ನಿಲ್ಲಸ್ರಿ,” ಎಂದೆ.

“ಹಂಗ ಬರೂದಿಲ್ಲರಿ ಅವ್ವಾರ. ಚಿತ್ರ ತಗಿಯೂ ಮುಂದ ನೀವ ಕಾಗದಕ್ಕ ಸಹಿ ಮಾಡೀರಿ.”

“ಬೆಣ್ಣಿಹಳ್ಳಕ್ಕ ಮಾಡೇನಿ. ನಿಮ್ಮ ಬಂಗಾರಕ್ಕ ಮಾಡಿಲ್ಲ.”

“ಹೆಸರಷ್ಟ ಬ್ಯಾರೆ. ಚಾನೆಲ್ ಅದ ಐತಲ್ಲರಿ.”

“ಅದ ಐತಿ ಅಂದ್ರ, ನಾ ಹೇಳಿದ್ದ ಪೂರಾ ಹಾಕ್ರಿ. ಬೆರಳ ತೋರಿಸ್ರಿ.”

ಅವರು ನಕ್ಕು ಗೋಡೆಯ ದರಪಟ್ಟಿ ತೋರಿಸಿದರು. “ಇಲ್ಲಿ ಸಮಯಕ್ಕ ರೇಟ್ ಐತ್ರಿ. ಅವರ ಕೊಟ್ಟಾರ, ಅವರದ ಹಾಕೀವಿ. ಬೇಕಂದ್ರ ನೀವೂ ಒಂದ ಅರ್ಧ ತಾಸ ತಗೋರಿ. ಏನರೆ ಹೇಳಕೋರಿ, ನಾವು ಕೇಳೂದಿಲ್ಲ.”

ಗೂಳಪ್ಪ ಅವಮಾನದಿಂದ ಕೆಂಪಾದ. ನಾನು ಆ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದೆ. ಆಮೇಲೆ ಕೇಳಿದೆ: “ಎಷ್ಟ ದಿವಸ ಮೊದಲ ಹೇಳಬೇಕ್ರಿ?”

ಹಣ ಹೇಗೆ ಕೂಡಿತು ಎಂಬುದು ನಮ್ಮೂರ ಹೆಂಗಸರ ಮಾತು, ಪತ್ರದಲ್ಲಿ ಬರೆಯುವುದಿಲ್ಲ. ಮೊದಲು ತಂದುಕೊಟ್ಟವಳು ಮಾದೇವಿ. ಫೆಬ್ರುವರಿ ಹದಿನಾರು, ಭಾನುವಾರ, ಮುಂಜಾನೆ ಆರೂವರೆ ನಮ್ಮದು. ನಮ್ಮ ಮಹಿಳಾ ಸಂಘದ ಹೆಸರಿಗೆ ರಸೀದಿ ಆಗಿದೆ.

ಕಾರ್ಯಕ್ರಮ ನಡೆಸುವವರನ್ನು, ಸಮಯ ಕೊಂಡವರೇ ಆರಿಸಬಹುದೆಂದು ಪಟ್ಟಿಯಲ್ಲಿದೆ. ನಿಮ್ಮ ಹೆಸರು ಬರೆಸಿದ್ದೇನೆ. ಬರುವುದು ಬಿಡುವುದು ನಿಮಗೆ ಸೇರಿದ್ದು. ಬರುವುದಾದರೆ ಹಿಂದಿನ ದಿನ ನಮ್ಮ ಮನೆಗೆ ಬನ್ನಿ. ಅಡಿಗೆಮನೆಯಲ್ಲಿ ಕೂತು ಮಾತಾಡಿಕೊಳ್ಳೋಣ.

ಮಲ್ಲಕ್ಕ


ಹುಬ್ಬಳ್ಳಿ
೩ ಫೆಬ್ರುವರಿ ೨೦೨೫

ಮಲ್ಲಕ್ಕನವರಿಗೆ,

ಕಾರ್ಯಕ್ರಮ ನಾನೇ ನಡೆಸುತ್ತೇನೆ. ನಿಮ್ಮ ಮನೆಗೆ ಬರುವುದಿಲ್ಲ. ಕೆಲಸ ಬಿದ್ದಾಗ ಕರೆದ ಊಟ ನನಗೆ ಬೇಡ. ಸಿಟ್ಟಿನಿಂದ ಬರೆದದ್ದಲ್ಲ, ಮನಸ್ಸಿಗೆ ಬಂದದ್ದನ್ನು ಹೇಳಿದೆ.

ಕೆಲವು ಮಾತು ನೆನಪಿಡಿ. ನೇರ ಪ್ರಸಾರವನ್ನೇ ಕೇಳಿ. ಮೊದಲೇ ಚಿತ್ರ ತೆಗೆದರೆ ಅವರು ನೋಡಿ, ಬೇಡವಾದದ್ದನ್ನು ತೆಗೆದುಹಾಕುತ್ತಾರೆ. ವಿಷಯ ಏನೆಂದು ಕೇಳಿದರೆ ‘ಕಡಲೆ ಬೆಳೆಯ ಅನುಭವ’ ಎನ್ನಿ. ಸುಳ್ಳಲ್ಲ ಅದು. ಹಳೆಯ ಚಿತ್ರ, ಕತ್ತರಿಸದೆ ಇರುವುದು, ಪೂರ್ತಿ ಸಿಕ್ಕಿದೆ. ಎಡಿಟಿಂಗ್ ಕೋಣೆಯಲ್ಲಿ ಕೆಲಸ ಮಾಡುವ ಒಬ್ಬಳು ಉಳಿಸಿಟ್ಟಿದ್ದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಈ ಪಗಾರ ಬೇಕು.

ನನಗೂ ಬೇಕಾಗಿತ್ತು. ಹದಿನೇಳನೇ ತಾರೀಖಿನಿಂದ ಇರುವುದಿಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದೇನೆ. ಅವ್ವನಿಗೆ ಹೇಳಿದೆ. “ಹಂಗಾರ ಅವತ್ತ ಚಲೋ ಸೀರಿ ಉಟಗೊಂಡ ಹೋಗು” ಎಂದಳು.

ಸುಮಂಗಲಾ


ಶಲವಡಿ
೨೦ ಫೆಬ್ರುವರಿ ೨೦೨೫

ಸುಮಂಗಲಾ ಅವರಿಗೆ,

ಹದಿನಾರರಂದು ನಿಮ್ಮನ್ನು ಆಫೀಸಿನ ಹಿಂದಿನ ಬಾಗಿಲಿಂದ ಹೊರಗೆ ಕಳಿಸಿಬಿಟ್ಟರು. ಆಮೇಲೆ ನಡೆದದ್ದು ನಿಮಗೆ ಗೊತ್ತಾಗಬೇಕು.

ಒಳಗಿದ್ದ ನಮಗೆ ಹೊರಗೆ ಏನು ಕಾಣುತ್ತಿದೆ ಎಂದು ತಿಳಿಯಲಿಲ್ಲ. ಯಜಮಾನರು ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ನನ್ನ ಹಳೆಯ ಚಿತ್ರ ಪೂರ್ತಿ ಬಂತು. ಆಮೇಲೆ ಡಬ್ಬಿಯವರು ಕತ್ತರಿಸಿದ್ದು ಬಂತು. ಗೂಳಪ್ಪ ಸುಟ್ಟ ಗಿಡ ಎತ್ತಿ ತೋರಿಸಿದ. ಮಾದೇವಿ, “ನಮಗ ಈ ಮಲ್ಲಕ್ಕ ಮೋಸ ಮಾಡಿಲ್ಲ. ನಾನ ಆಕಿನ್ನ ಬೈದೇನಿ, ಅದೂ ತಪ್ಪ” ಎಂದಳು. ಕೊನೆಗೆ ನೀವು ಎದ್ದು ನಿಂತು, “ಈ ಚಿತ್ರ ಕತ್ತರಿಸಿದ ದಿನ ಆ ಕೋಣೆಯಲ್ಲಿ ನಾನೂ…” ಎನ್ನುವಷ್ಟರಲ್ಲಿ ಪರದೆಯ ಮೇಲೆ ಬಂಗಾರದ ಚಕ್ರ ತಿರುಗಿತು. ನಮ್ಮವರು ಗಡಿಯಾರ ನೋಡಿದರು. ಹತ್ತೊಂಬತ್ತು ನಿಮಿಷವಾಗಿತ್ತು. ಆಮೇಲೆ ಮೊಣಕಾಲೆಣ್ಣೆ.

ನೀವು ಹೋದ ಮೇಲೆ ಗೌರೀಶ ಓಡಿ ಬಂದರು. “ಏನ ಮಾಡಿದ್ರಿ ಇದನ್ನ! ನಿಮ್ಮ ರೊಕ್ಕ ಪೂರಾ ಹೊಳ್ಳಿ ಕೊಡತೀನಿ, ಹೋಗ್ರಿ” ಎಂದರು.

“ರೊಕ್ಕ ಬ್ಯಾಡ್ರಿ. ಹನ್ನೊಂದ ನಿಮಿಷ ಉಳದಾವು. ಅವನ್ನ ಕೊಡ್ರಿ,” ಎಂದೆ.

“ಪೊಲೀಸರನ್ನ ಕರೀತೀನಿ.”

“ಕರೀರಿ. ರಸೀದಿ ನಮ್ಮ ಕೈಯಾಗ ಐತಿ. ‘ಹೇಳಿದ್ದಕ್ಕ ವಾಹಿನಿ ಹೊಣೆಯಲ್ಲ’ ಅಂತ ನೀವ ಬರಿತೀರಿ. ಹೊಣಿ ಇಲ್ಲದವರಿಗೆ ನಿಲ್ಲಸೂ ಹಕ್ಕ ಎಲ್ಲಿಂದ ಬಂತು?”

ಬಾಗಿಲ ಮೆಟ್ಟಿಲ ಮೇಲೆ ಕೂತೆವು. ಮೊದಲ ದಿನ ಎಂಟು ಹೆಂಗಸರು. ಮರುದಿನ ಇಪ್ಪತ್ತಾರು. ಮೂರನೆಯ ದಿನ ನವಲಗುಂದದಿಂದ ತಬಸುಮ್ ಎಂಬಾಕೆ ಬಂದಳು. ಜಮಖಾನೆ ನೇಯುವವಳಂತೆ. ಟೀವಿ ನೋಡಿ ಆ ಎಣ್ಣೆ ಹಚ್ಚಿ ಅವಳ ತಾಯಿಯ ಕಾಲಿಗೆ ಬೊಬ್ಬೆಗಳು ಎದ್ದಿದ್ದವಂತೆ. ದೊಡ್ಡ ಜಮಖಾನೆ ತಂದು ಮೆಟ್ಟಿಲಿಗೆ ಹಾಸಿ, “ಕೂಡೂದಾದ್ರ ನೆಟ್ಟಗ ಕೂಡೂಣು” ಎಂದಳು. ಸಮಯ ಕೊಳ್ಳಲು ಬಂದವರೆಲ್ಲ ನಮ್ಮನ್ನು ದಾಟಿ ಹೋಗಬೇಕಾಯಿತು. ಇಬ್ಬರು ಅಲ್ಲಿಂದಲೇ ಹಿಂದಿರುಗಿದರು.

ಸಂಜೆ ಗೌರೀಶ ಇಳಿದು ಬಂದರು. ಹನ್ನೊಂದು ನಿಮಿಷ ಕೊಡುತ್ತೇವೆ, ಆದರೆ ಸುಮಂಗಲಾ ಬರಬಾರದು ಎಂದರು. ಹಾಗಿದ್ದರೆ ಇಲ್ಲೇ ಕೂತಿರುತ್ತೇವೆ ಎಂದೆ. ಸುಮಂಗಲಾ ಈಗ ನಮ್ಮ ಸಿಬ್ಬಂದಿ ಅಲ್ಲ ಎಂದರು. “ಚಲೋ ಆತಲ್ಲರಿ. ಹಂಗಾರ ನಮ್ಮ ಮಂದಿ,” ಎಂದೆ.

ಮಾರ್ಚ್ ಒಂಬತ್ತು, ಭಾನುವಾರ, ಆರೂವರೆ. ಆ ನಿಮಿಷಗಳೆಲ್ಲ ನಿಮ್ಮವು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿ ತೆರೆಯುವುದಿಲ್ಲ.

ಮಲ್ಲಕ್ಕ


ಅಣ್ಣಿಗೇರಿ
೧೨ ಮಾರ್ಚ್ ೨೦೨೫

ಮಲ್ಲಕ್ಕನವರಿಗೆ,

ಎದುರಿಗೆ ಹೇಳಲಾಗದ್ದನ್ನು ಬರೆಯುತ್ತೇನೆ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಗಾಜಿನ ಆಚೆ ಗೌರೀಶ ಪ್ರಸಾರ ನಿಲ್ಲಿಸುವ ಗುಂಡಿಯ ಮೇಲೆ ಕೈ ಇಟ್ಟು ನಿಂತಿದ್ದರು. ಅವರ ಹಿಂದೆ ಓಣಿಯಂಥ ಆ ಹಾದಿಯ ತುಂಬ ನಿಮ್ಮೂರ ಹೆಂಗಸರು. ‘ಈ ಮೋಸದಲ್ಲಿ ನನ್ನ ಕೈಯೂ ಇದೆ’ ಎಂದೆ. ಚಿತ್ರ ಹುಡುಕಿಕೊಟ್ಟದ್ದು, ಬಾಯಿ ಮುಚ್ಚಿ ಕೂತದ್ದು, ಎಣ್ಣೆಯ ಮುಂದೆ ಕೂತು ಬೆರಗಾದಂತೆ ನಟಿಸಿದ್ದು, ಎಲ್ಲ ಹೇಳಿದೆ. ಸಮಯ ಮಾರುವುದು ಅಪರಾಧವಲ್ಲ, ಸಮಯದ ಜೊತೆ ನೋಡುವವರ ನಂಬಿಕೆಯನ್ನೂ ಮಾರಿದೆವು ಎಂದೆ. ಗೌರೀಶರ ಕೈ ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಮಾತು ಮುಗಿದಾಗ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ಏನು ಹೇಳಬೇಕೆಂದು ತೋಚದೆ, ಬೇಸಿಗೆಯಲ್ಲಿ ಕಡಲೆ ಬೀಜ ಹುಳು ಬೀಳದಂತೆ ಇಡುವುದು ಹೇಗೆಂದು ಹೇಳಿ ಮುಗಿಸಿದೆ. ನೀವು ನಕ್ಕಿರಿ, ಕಂಡೆ.

ಹೊರಗೆ ಬಂದ ಮೇಲೆ, ನಾನು ಕರೆಯದೆಯೇ ನೀವು ಅಣ್ಣಿಗೇರಿಯ ಬಸ್ಸು ಹತ್ತಿದಿರಿ. ನಮ್ಮ ಓಣಿಗೆ ನಡೆದು ಬಂದಿರಿ. ಅವ್ವನ ಒಲೆಯ ಮುಂದೆ ಕೂತು ರೊಟ್ಟಿ ಉಂಡಿರಿ. ನೀವು ಹೋದ ಮೇಲೆ ಅವ್ವನನ್ನು, ಏನನ್ನಿಸಿತು ಎಂದು ಕೇಳಿದೆ. “ಉಂಡ್ರು. ಇನ್ನೂ ನಾಕ ಸಲ ಬರಲಿ, ಆಗ ಹೇಳತೀನಿ” ಎಂದಳು. ನನ್ನ ಮಾತೂ ಅದೇ.

ನಿಮ್ಮ ಚಿತ್ರ ತೋರಿಸುವುದನ್ನು ಆ ವಾಹಿನಿ ನಿಲ್ಲಿಸಿದೆ. ನೌಕರಿ ಇಲ್ಲ. ಇಲ್ಲಿನ ಶಾಲೆಯೊಂದರಲ್ಲಿ ಜೂನಿನಿಂದ ಕೆಲಸ ಸಿಗಬಹುದು. ರೈತರ ಪತ್ರಗಳು ಮಾತ್ರ ಬರುತ್ತಿವೆ, ಹುಬ್ಬಳ್ಳಿಯ ಪೋಸ್ಟಿನವರು ವಿಳಾಸ ತಿದ್ದಿ ಇಲ್ಲಿಗೆ ಕಳಿಸುತ್ತಿದ್ದಾರೆ. ಉತ್ತರ ಬರೆಯುತ್ತಿದ್ದೇನೆ.

ಒಂದು ಸುದ್ದಿ ಇದೆ. ಕಾಯಿಸಿರಿ ಬೇರೆ ವಾಹಿನಿಗೆ ಹೋಗಿದೆ. ನಿನ್ನೆ ನೋಡಿದೆ. ಈ ಸಲ ಮೆಣಸಿನಗಿಡದ ನಡುವೆ ನಿಂತ ಒಬ್ಬ ಹೆಣ್ಣುಮಗಳು. ಅವಳ ತುಟಿ ಅಲುಗುವುದಕ್ಕೂ ಮಾತಿಗೂ ಹೊಂದುವುದಿಲ್ಲ. ಅವಳಿಗೆ ಗೊತ್ತೇ ಇಲ್ಲವೇನೋ. ಅವಳ ಬೆನ್ನ ಹಿಂದೆ ಕಂಡ ಶಾಲೆಯ ಗೋಡೆ ನೋಡಿ, ವಿಚಾರಿಸಿ, ಊರು ಪತ್ತೆ ಹಚ್ಚಿದ್ದೇನೆ. ಕುಂದಗೋಳ ತಾಲ್ಲೂಕು, ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದು ಒಂದು ತಾಸು ನಡೆಯಬೇಕು. ಮುಂದಿನ ವಾರ ಗುರುವಾರ ಹೋಗುತ್ತೇನೆ. ಬರುತ್ತೀರಾ?

ಸುಮಂಗಲಾ


ಶಲವಡಿ
೧೫ ಮಾರ್ಚ್ ೨೦೨೫

ಸುಮಂಗಲಾ ಅವರಿಗೆ,

ಗುರುವಾರ ಆಗುವುದಿಲ್ಲ, ಗೋಧಿ ರಾಶಿ ಇದೆ. ಬುಧವಾರ ಹೋಗೂಣು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮುಂಜಾನೆ ಏಳಕ್ಕೆ ಸಿಗುತ್ತೇನೆ. ಮಾದೇವಿಯೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.

ಆ ಹೆಣ್ಣುಮಗಳು ಮೊದಲಿಗೆ ನಮ್ಮನ್ನು ನಂಬಲಿಕ್ಕಿಲ್ಲ. ಟೀವಿಯಲ್ಲಿ ಬಂದೆನೆಂಬ ಖುಷಿಯಲ್ಲಿರುತ್ತಾಳೆ. ನಾನೂ ಹಾಗೇ ಇದ್ದೆ. ಬೈದರೂ ಬೈಯಲಿ. ನಂಬುವವರೆಗೆ ಅವಳ ಬಾಗಿಲಲ್ಲೇ ಕೂಡ್ರೂಣು.

ಮಲ್ಲಕ್ಕ